ಎಂಟು ಸಾವಿರದ ಇನ್ನೂರು

ಹೊನ್ನಾವರದ ಆ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ರಕ್ತ, ಕಫ, ಮಲ, ಮೂತ್ರಗಳ ನಡುವೆಯೇ ಕೂತು ಅನ್ನ ಸಂಪಾದಿಸಿದ ಜಟ್ಟಿಗೆ ಅವುಗಳಲ್ಲಿ ಯಾವುದನ್ನು ಕಂಡರೂ ಹೇಸಿಗೆ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು, ಸಾಲಾಗಿ ಇಟ್ಟ ಡಬ್ಬಿಗಳ ಮುಚ್ಚಳ ತೆಗೆಯುತ್ತ, ಪಕ್ಕದಲ್ಲೇ ಚಾ ಲೋಟ ಇಟ್ಟುಕೊಂಡು ಕುಡಿಯುವ ಆಸಾಮಿ ಅವನು. ಅವನಿಗೆ ವಾಕರಿಕೆ ಬರುತ್ತಿದ್ದುದು ಒಂದನ್ನು ಕಂಡರೆ ಮಾತ್ರ. ಅದು ತಾನೇ ಸಹಿ ಹಾಕಿ ಹೊರಗೆ ಕಳಿಸುತ್ತಿದ್ದ ರಿಪೋರ್ಟು.

ಬಿಳಿ ರಕ್ತಕಣಗಳ ಲೆಕ್ಕ ಅಂತ ಒಂದಿದೆಯಲ್ಲ, ಜನ 'ಕೌಂಟು' ಎಂದು ಕರೆಯುವುದು, ಅದು ನಾಲ್ಕರಿಂದ ಹನ್ನೊಂದು ಸಾವಿರದ ಒಳಗಿದ್ದರೆ ನಾರ್ಮಲ್ ಎಂದು ರಿಪೋರ್ಟಿನ ಬಲಬದಿಯಲ್ಲಿ ಅಚ್ಚು ಹಾಕಿಸಿಯೇ ಇರುತ್ತದೆ. ಆದರೆ ಆ ನರ್ಸಿಂಗ್ ಹೋಮಿನಲ್ಲಿ ಮಂಚ ಹಿಡಿದವನ ಕೌಂಟು ಹನ್ನೊಂದು ಸಾವಿರದ ಕೆಳಗಿಳಿದ ದಾಖಲೆಯೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಜಟ್ಟಿ, ತೆಂಗಿನಮರದಿಂದ ಬಿದ್ದು ಕಾಲು ಮುರಿದುಕೊಂಡು ಬಂದವನೊಬ್ಬನ ಕೌಂಟು ಏಳು ಸಾವಿರ ಎಂದು ಬರೆದು ಕೊಟ್ಟಿದ್ದ. ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರು ಅವನನ್ನು ಒಳಗೆ ಕರೆಸಿದರು. ಬಾಯಲ್ಲಿ ಏಲಕ್ಕಿ ಇತ್ತು, ಮುಖದಲ್ಲಿ ನಗು ಇತ್ತು.

"ಮನುಷ್ಯ ಮಂಚದ ಮೇಲೆ ಮಲಗಿದ್ದಾನೆ, ನೀನು ನಾರ್ಮಲ್ ಅಂತೀಯ. ನಾರ್ಮಲ್ ಇದ್ದವ ಮನೆಯಲ್ಲಿ ಇರ್ತಿದ್ದ ಅಲ್ವಾ ಜಟ್ಟಿ?"

ಅಷ್ಟೇ. ಬಯ್ಯಲಿಲ್ಲ, ಆದೇಶವೆಂದು ಏನನ್ನೂ ಬರೆದು ಕೊಡಲಿಲ್ಲ. ಬುದ್ಧಿವಂತನಿಗೆ ಮೂರು ಮಾತು ಯಾಕೆ, ಒಂದೇ ಸಾಕಾಯಿತು. ಅಂದಿನಿಂದ ಅಡ್ಮಿಟ್ ಆದವರಿಗೆಲ್ಲ ಜಟ್ಟಿಯ ಪೆನ್ನಿನಿಂದ ಹನ್ನೆರಡು ಸಾವಿರದ ಆರುನೂರು, ಹದಿಮೂರು ಸಾವಿರದ ಇನ್ನೂರು, ಹದಿನಾಲ್ಕು ಸಾವಿರ. ಎಳೆದ ರಕ್ತ ಬೇಸಿನ್ನಿನಲ್ಲಿ ಹೋಗುತ್ತಿತ್ತು, ನಲ್ಲಿ ತಿರುಗಿಸಿದರೆ ಅದರ ಕಥೆ ಮುಗಿಯಿತು. ನರ್ಸುಗಳ ಕೋಣೆಯಲ್ಲಿ ಗೋಡೆಗೆ ಅಂಟಿಸಿದ ಒಂದು ಕಾರ್ಡು ಇತ್ತು: ಕೌಂಟು ಹನ್ನೊಂದು ಸಾವಿರ ದಾಟಿದರೆ ದಿನಕ್ಕೆ ಮೂರು ಬಾಟ್ಲಿ ಸಲೈನು, ಎರಡು ಹೊತ್ತು ಇಂಜೆಕ್ಷನ್ನು.

ಇದರಲ್ಲಿ ದೊಡ್ಡ ಡಾಕ್ಟರೊಬ್ಬರೇ ಪಾಪಿಗಳು ಎಂದರೆ ಅದೂ ಸುಳ್ಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಭಟ್ಕಳದಿಂದ ಕುಮಟೆಯವರೆಗೆ ಕಾಯಿಲೆಯವರನ್ನು ನೋಡಲು ಬಂದವರು 'ಹೇಗಿದ್ದಾರೆ' ಎಂದು ಕೇಳುವ ಮೊದಲು 'ಎಷ್ಟು ಬಾಟ್ಲಿ ಏರಿಸಿದ್ರು' ಎಂದು ಕೇಳುತ್ತಿದ್ದರು. ನಾಲ್ಕು ಎಂದರೆ ಮನೆಯವರ ಮುಖದಲ್ಲಿ ಗೆಲುವು. ಒಂದೂ ಇಲ್ಲ ಎಂದರೆ, ಮದುವೆಗೆ ಕರೆದು ಊಟ ಹಾಕದೆ ಕಳಿಸಿದಷ್ಟು ಅವಮಾನ. ಜಟ್ಟಿಗೆ ಈ ಜನರನ್ನು ಕಂಡರೂ ಒಂದು ಬಗೆಯ ಜುಗುಪ್ಸೆ. ತಾನು ಅವರಿಗಿಂತ ಮೇಲು ಎಂದು ನಂಬಿಕೊಳ್ಳಲು ಆ ಜುಗುಪ್ಸೆ ಅವನಿಗೆ ಬಹಳ ಉಪಯೋಗಕ್ಕೆ ಬರುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಅಮೂಲ್ಯಾ ಎಂಬ ಎಳೆಯ ಡಾಕ್ಟರಮ್ಮ ಡ್ಯೂಟಿಗೆ ಸೇರಿದರು. ಕತಗಾಲದ ಕಡೆಯವರು, ಗಟ್ಟಿಯಾಗಿ ಮಾತಾಡಿದವರಲ್ಲ. ಎರಡು ವಾರದಲ್ಲಿ ಅವರಿಗೆ ಲ್ಯಾಬಿನ ವಾಸನೆ ಹತ್ತಿತು. ಜಟ್ಟಿಯ ರಿಪೋರ್ಟು ಫೈಲಿನಲ್ಲಿದ್ದರೂ ಅದರತ್ತ ಕಣ್ಣು ಹಾಯಿಸದೆ ಹಾಳೆ ಮಗುಚುತ್ತಿದ್ದರು. ತೀರ ಅನುಮಾನ ಬಂದ ರೋಗಿಯ ರಕ್ತವನ್ನು ತಾವೇ ಎಳೆದು, ಐಸಿಟ್ಟು, ಕುಮಟೆಯ ಬಸ್ಸಿನಲ್ಲಿ ಬೇರೆ ಲ್ಯಾಬಿಗೆ ಕಳಿಸುತ್ತಿದ್ದರು. ಒಮ್ಮೆ ದೊಡ್ಡ ಡಾಕ್ಟರ ಕೋಣೆಯಿಂದ ಅವರ ದನಿ ಹೊರಗೆ ಕೇಳಿಸಿತ್ತು: "ಈ ರಿಪೋರ್ಟೆಲ್ಲ ಸುಳ್ಳು ಅಂತ ಒಬ್ಬರು ಬಾಯಿಬಿಟ್ಟು ಹೇಳಲಿ ಸರ್, ಮರುದಿನವೇ ನಾನು ಮೇಲಕ್ಕೆ ಬರೀತೇನೆ." ಆ ಒಬ್ಬರು ಯಾರೆಂದು ಜಟ್ಟಿಗೆ ಗೊತ್ತಿತ್ತು. ಅವನು ಅಂದಿನಿಂದ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಅದೇ ತಿಂಗಳು ಭಟ್ಕಳದ ಹೋಟೆಲೊಂದರ ಅಡಿಗೆಯವ ವೆಂಕಟ್ರಮಣ ಹೃದಯಾಘಾತವಾಗಿ ಬಂದು ಬಿದ್ದ. ಮರುದಿನ ಎದೆನೋವು ಇಳಿದು, ನಗುತ್ತ ಕೂತಿದ್ದ. ಜಟ್ಟಿಯ ರಿಪೋರ್ಟು ಎಂದಿನಂತೆ ಹದಿಮೂರು ಸಾವಿರದ ಎಂಟುನೂರು ಎಂದಿತು, ಕಾರ್ಡು ಮೂರು ಬಾಟ್ಲಿ ಎಂದಿತು. ಮೂರನೆಯದು ಅರ್ಧವಾಗುವಾಗ ಅವನು ಎದ್ದು ಕೂತು, ಉಸಿರಿಗೆ ಬಾಯಿ ಬಿಟ್ಟು, ಮೂಗು ಬಾಯಿಗಳಿಂದ ನಸುಗೆಂಪು ನೊರೆ ಕಾರುತ್ತ ಸತ್ತ. ರಕ್ತ ಎಳೆಯಲೆಂದು ಹೋಗಿದ್ದ ಜಟ್ಟಿ ಅದನ್ನು ಕಣ್ಣಾರೆ ಕಂಡ. ತಡವಾಗಿ ಓಡಿ ಬಂದಿದ್ದ ಅಮೂಲ್ಯಾ ಕೈ ತೊಳೆಯುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ್ದರು: "ಸೋತ ಪಂಪಿಗೆ ಮತ್ತೂ ನೀರು ಸುರಿದ್ರೆ ಅದು ಎಲ್ಲಿಗೆ ಹೋಗ್ಬೇಕು? ಶ್ವಾಸಕೋಶಕ್ಕೇ ಹೋಗ್ತದೆ." ಜಟ್ಟಿಗೆ ಮೂರು ದಿನ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಇಳಿಯಿತು. ಮನುಷ್ಯನ ಹೊಟ್ಟೆಗಿಂತ ನಾಚಿಕೆಗೆಟ್ಟದ್ದು ಇನ್ನೊಂದಿಲ್ಲ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಲವತ್ತು ಜನರನ್ನು ತುಂಬಿಕೊಂಡ ಭಟ್ಕಳ–ಕುಮಟಾ ಬಸ್ಸು ಸ್ಟ್ಯಾಂಡಿಗೆ ಹೋಗದೆ ಸೀದಾ ನರ್ಸಿಂಗ್ ಹೋಮಿನ ಎದುರು ಬಂದು ನಿಂತಿತು. ಕಂಡಕ್ಟರ್ ಅಣ್ಣಪ್ಪ ಟಿಕೆಟ್ ಕೊಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಡ್ರೈವರ್ ಬುದ್ಧಿ ಓಡಿಸಿ ಇಲ್ಲಿಗೇ ತಂದಿದ್ದ, ಯಾಕೆಂದರೆ ಅಣ್ಣಪ್ಪನ ಭಾವಮೈದುನ ಇಲ್ಲೇ ಲ್ಯಾಬಿನಲ್ಲಿ ಇದ್ದಾನಲ್ಲ. ಇಳಿದು ನಿಂತ ಪ್ರಯಾಣಿಕರೂ ಅದನ್ನೇ ಹೇಳಿಕೊಂಡರು: ನಮ್ಮವರು ಒಬ್ಬರು ಒಳಗಿದ್ದರೆ ಅದರ ಕಥೆಯೇ ಬೇರೆ.

ಅಣ್ಣಪ್ಪ ಜಟ್ಟಿಯ ಅಕ್ಕ ಗಂಗಾಳ ಗಂಡ. ಅಪ್ಪ ಸತ್ತ ಮೇಲೆ ಜಟ್ಟಿಯನ್ನು ಹಳದೀಪುರದ ತನ್ನ ಮನೆಗೆ ಕರೆತಂದು, ಎಸ್ಸೆಸ್ಸೆಲ್ಸಿ ಓದಿಸಿ, ಹುಬ್ಬಳ್ಳಿಗೆ ಕರೆದೊಯ್ದು ಲ್ಯಾಬ್ ಕೋರ್ಸಿಗೆ ಹಾಕಿದವನು. ಹಾಸ್ಟೆಲ್ಲಿನ ಬಾಗಿಲಲ್ಲಿ ಬಿಟ್ಟು ಬರುವಾಗ ತನ್ನ ಕಂಬಳಿಯನ್ನೇ ಬಿಟ್ಟು ಬಂದವನು. ಅಂಥ ಭಾವ ಮಂಚದ ಮೇಲೆ ಬೆವರಿನಲ್ಲಿ ತೊಯ್ದು ಬಿದ್ದಿರುವಾಗ ಜಟ್ಟಿ ರಕ್ತ ಎಳೆದುಕೊಂಡು ಬಂದ. ಅಂದು ಅದು ಬೇಸಿನ್ನಿಗೆ ಹೋಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವನು ಕ್ರಮಪ್ರಕಾರ ಎಣಿಸಲು ಕೂತ. ಗಾಜಿನ ಸಣ್ಣ ಕೊಳವೆಯಲ್ಲಿ ಬಾಯಿಂದ ರಕ್ತ ಎಳೆದು, ಮೇಲೆ ವಿನೆಗರ್ ವಾಸನೆಯ ನೇರಳೆ ನೀರು ತುಂಬಿಸಿ, ಅಲುಗಾಡಿಸಿ, ಗೆರೆ ಕೊರೆದ ಗಾಜಿನ ಮೇಲೆ ಒಂದು ಹನಿ ಬಿಟ್ಟ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ನಾಲ್ಕು ಮೂಲೆಯ ಚೌಕಗಳಲ್ಲೂ ಬಿಳಿ ಕಣಗಳು ಎರಚಿದ ಅಕ್ಕಿನುಚ್ಚಿನಂತೆ ತುಂಬಿದ್ದವು. ಎಣಿಸಿದ: ಮುನ್ನೂರ ತೊಂಬತ್ತೆರಡು. ಐವತ್ತರಿಂದ ಗುಣಿಸಿದರೆ ಹತ್ತೊಂಬತ್ತು ಸಾವಿರದ ಆರುನೂರು. ಗಾಜು ತೊಳೆದು ಮತ್ತೆ ಎಣಿಸಿದ, ಮೂರನೇ ಸಲವೂ ಎಣಿಸಿದ. ಹತ್ತಿಪ್ಪತ್ತು ಕಣ ಆಚೀಚೆ, ಅಷ್ಟೇ.

ಇದನ್ನು ಬರೆದರೆ? ಕಾರ್ಡು ಇದೆ. ನರ್ಸ್ ರೇಖಾ ಇದ್ದಾಳೆ, ಕಾರ್ಡಿನಲ್ಲಿದ್ದುದನ್ನು ದೇವರ ಮಾತೆಂದು ಪಾಲಿಸುವವಳು. ಮೂರು ಬಾಟ್ಲಿ. ಜಟ್ಟಿಗೆ ವೆಂಕಟ್ರಮಣನ ಮೂಗಿನ ನೊರೆ ಕಣ್ಣೆದುರು ಬಂತು. ಅಮೂಲ್ಯಾ ಅಂದು ರಜೆಯಲ್ಲಿ ಕತಗಾಲಕ್ಕೆ ಹೋಗಿದ್ದರು. ಅವನು ಓಡಿಹೋಗಿ ದೊಡ್ಡ ಡಾಕ್ಟರ ಎದುರು ನಿಂತ.

"ಡಾಕ್ಟ್ರೆ, ಭಾವಂದು ಕೌಂಟು ಹತ್ತೊಂಬತ್ತೂವರೆ ಸಾವಿರ ಇದ್ದು."

ದೊಡ್ಡ ಡಾಕ್ಟರು ತಲೆ ಎತ್ತಿ ಹೊಟ್ಟೆ ಕುಲುಕುವಂತೆ ನಕ್ಕರು. "ನನ್ನೆದುರಿಗೇ ಬುರುಡೆ ಬಿಡ್ತೀಯಲ್ಲೋ."

"ಇಲ್ಲ ಡಾಕ್ಟ್ರೆ, ಇದು ಖರೆ. ಎಣಿಸಿದ್ದೆ."

"ಹಾರ್ಟ್ ಎಟ್ಯಾಕಿಗೆ ಸ್ವಲ್ಪ ಏರ್ತದೆ, ಅದಕ್ಕೆಂತ? ಇಂಜೆಕ್ಷನ್ ಕೊಟ್ಟು ರಕ್ತದ ಹೆಪ್ಪು ಕರಗಿಸಿದ್ದೇನೆ, ನೋವು ಇಳಿದಿದೆ." ಆಮೇಲೆ ದನಿ ತಗ್ಗಿಸಿ, ಅಕ್ಕರೆಯಿಂದ, "ಬಾಟ್ಲಿ ಬೇಡ ಅಂತ ತಾನೇ ನಿನ್ನ ರಗಳೆ? ಸ್ಟಾಫಿನವರ ಜನ ಅಲ್ವಾ, ನಾರ್ಮಲ್ ಬರಿ ಮಾರಾಯ. ನಾನೆಂತ ಹೇಳೂದಿಲ್ಲ" ಎಂದರು.

ಆ ಆಸ್ಪತ್ರೆಯಲ್ಲಿ ನಾರ್ಮಲ್ ಎಂಬುದು ದೀಪಾವಳಿಯ ಬೋನಸ್ಸಿನಂತೆ ನೌಕರರಿಗೆ ಕೊಡುವ ಸವಲತ್ತು. ಜಟ್ಟಿಗೆ ಅವರ ಬಾಯಿಯ ಏಲಕ್ಕಿ ವಾಸನೆ ಅಸಹ್ಯವೆನಿಸಿತು. ಆ ಅಸಹ್ಯವನ್ನೇ ಹೊತ್ತುಕೊಂಡು ಹೋಗಿ ಎಂಟು ಸಾವಿರದ ಇನ್ನೂರು ಎಂದು ಬರೆದು ಸಹಿ ಹಾಕಿದ. ಸುಳ್ಳನ್ನೇ ಬರೆದು ಒಬ್ಬನ ಜೀವ ಉಳಿಸಿದೆ ಎಂಬ ಸಣ್ಣ ಹೆಮ್ಮೆಯೂ ಒಳಗೆ ಇಣುಕಿತು. ನಿಜ ಹೇಳಬೇಕೆಂದರೆ ಸಣ್ಣದಲ್ಲ.

ಬಾಟ್ಲಿ ಬರಲಿಲ್ಲ. ಗಂಗಾಳಿಗೆ ಸಂಕಟ. "ಒಂದ್ ಬಾಟ್ಲಿ ಆದ್ರೂ ಹಾಕೂಕೆ ಹೇಳೋ ತಮ್ಮಾ. ಬಂದವ್ರೆಲ್ಲ ಕೇಳ್ತ್ರು, ಎಂತ ಹೇಳೂದು ನಾನು?"

"ಕೌಂಟು ನಾರ್ಮಲ್ ಇದ್ದು ಅಂತ ಹೇಳು. ನಾನೇ ಎಣಿಸಿದ್ದು ಅಂತ ಹೇಳು."

ಗಂಗಾ ಹಾಗೇ ಹೇಳಿದಳು. ಬಂದವರಿಗೆಲ್ಲ ರಿಪೋರ್ಟು ತೋರಿಸಿ, ತಮ್ಮನ ಸಹಿಯ ಮೇಲೆ ಬೆರಳಿಟ್ಟು ಹೇಳಿದಳು.

ಸೋಮವಾರ ಅಮೂಲ್ಯಾ ಬಂದರು. ಅಣ್ಣಪ್ಪನ ಎದೆ, ಬೆನ್ನು ಆಲಿಸಿ ನೋಡಿ, ಎಲ್ಲ ಸ್ವಚ್ಛ ಎಂದರು. ಆಮೇಲೆ ಫೈಲು ತೆಗೆದು, ಎಂದೂ ಓದದ ರಿಪೋರ್ಟನ್ನು ಅಂದು ಓದಿದರು. ಅದನ್ನು ಹಿಡಿದುಕೊಂಡೇ ಲ್ಯಾಬಿಗೆ ಬಂದರು.

"ಜಟ್ಟಿ, ಅಣ್ಣಪ್ಪ ನಿಮ್ಮ ಸ್ವಂತ ಭಾವ ಅಂತೆ, ಹೌದಾ?"

"ಹೌದು ಡಾಕ್ಟ್ರೆ."

"ಈ ಕೌಂಟು ಸರಿ ಇದ್ಯಾ? ಯಾಕೆ ಕೇಳ್ತೆ ಅಂದ್ರೆ, ಎಟ್ಯಾಕ್ ಆದ ದಿನ ಬಿಳಿ ಕಣ ತುಂಬಾ ಏರಿದ್ರೆ ಹೃದಯಕ್ಕೆ ಪೆಟ್ಟು ಜೋರಾಗಿ ಬಿದ್ದಿರೂದೇ ಹೆಚ್ಚು. ಹೊರಗಿಂದ ಕಾಣೂದಿಲ್ಲ. ಆಮೇಲೆ ವಾರದಲ್ಲೋ ತಿಂಗಳಲ್ಲೋ ಹೃದಯ ಸೋತು ನೀರು ತುಂಬ್ಕೊಳ್ತದೆ. ಅಂಥವರನ್ನ ಕೂಡಲೇ ಮಣಿಪಾಲಕ್ಕೆ ಕಳಿಸಿ ಹೃದಯದ ಎಕೋ ಸ್ಕ್ಯಾನ್ ಮಾಡಿಸ್ಬೇಕು. ಎಲ್ಲರನ್ನೂ ಕಳಿಸ್ತೆ ಅಂದ್ರೆ ದೊಡ್ಡ ಡಾಕ್ಟ್ರು ಬಿಡೂದಿಲ್ಲ, ನಂಗೆ ಒಂದು ಕಾರಣ ಬೇಕು. ಎಂಟು ಸಾವಿರ ಅಂದ್ರೆ ಒಳ್ಳೇದೇ."

ಜಟ್ಟಿಯ ಬಾಯಿ ತೆರೆಯಿತು. ನಾಲಗೆಯ ತುದಿಯಲ್ಲಿ ಹತ್ತೊಂಬತ್ತು ಸಾವಿರದ ಆರುನೂರು ಬಂದು ಕೂತಿತ್ತು. ಆದರೆ ಇದು ಸುಳ್ಳು ಎಂದರೆ ಉಳಿದವು? ಹದಿನಾಲ್ಕು ವರ್ಷದ ರಿಪೋರ್ಟುಗಳು? ವೆಂಕಟ್ರಮಣ? ಈ ಹೆಂಗಸು ಮರುದಿನವೇ ಮೇಲಕ್ಕೆ ಬರೆಯುತ್ತಾಳೆ. ದೊಡ್ಡ ಡಾಕ್ಟರು ಏಲಕ್ಕಿ ಅಗಿಯುತ್ತ ಪಾರಾಗುತ್ತಾರೆ, ಸಹಿ ಇರುವುದು ಜಟ್ಟಿಯದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು, ಮುಟ್ಟಿ ನೋಡಿಕೊಂಡ. ಬಾಗಿಲಾಚೆ ರೇಖಾ ಸಿರಿಂಜು ಎಣಿಸುತ್ತಿದ್ದಳು. ಭಾವ ಹೇಗೂ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾನೆ. ಎದೆ ಸ್ವಚ್ಛ ಎಂದು ಇವರೇ ಹೇಳಿದರಲ್ಲ.

"ಸರಿ ಇದ್ದು ಡಾಕ್ಟ್ರೆ," ಎಂದ.

ಅಮೂಲ್ಯಾರ ಮುಖ ಸಡಿಲಾಯಿತು. ಸೇರಿದಂದಿನಿಂದ ಮೊದಲ ಸಲ ಅವನನ್ನು ನೋಡಿ ನಕ್ಕು, "ಥ್ಯಾಂಕ್ಸ್" ಎಂದು ಹೋದರು. ಆ ನಗು ಜಟ್ಟಿಯ ಮೈಮೇಲೆ ಎಂಜಲು ಬಿದ್ದಂತೆ ಇಡೀ ದಿನ ಇತ್ತು. ಮಂಗಳವಾರ ಗುಟ್ಟಾಗಿ ಇನ್ನೊಮ್ಮೆ ರಕ್ತ ಎಳೆದು ಎಣಿಸಿದ, ಹದಿನೈದು ಸಾವಿರಕ್ಕೆ ಇಳಿದಿತ್ತು. ಇಳಿಯುತ್ತಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಶುಕ್ರವಾರ ಅಣ್ಣಪ್ಪನನ್ನು ಮನೆಗೆ ಬಿಟ್ಟರು.

ಮನೆಯಲ್ಲಿ ನೆಂಟರ ಜಾತ್ರೆ. ಆಸ್ಪತ್ರೆಯಲ್ಲಿ ಒಂದೂ ಬಾಟ್ಲಿ ಏರಿಸಿಲ್ಲ ಎಂಬ ಸುದ್ದಿ ಹಬ್ಬಿತ್ತಲ್ಲ, ಆ ಕೊರತೆ ತುಂಬಲು ಬಂದವರೆಲ್ಲ ಎಳನೀರಿನ ಬೊಂಡ ತಂದರು. ದಿನಕ್ಕೆ ಐದು ಬೊಂಡ, ಆರು ಬೊಂಡ. ಕೆತ್ತಿ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿರುತ್ತಿದ್ದರು. ಅಣ್ಣಪ್ಪನ ಪಾದ ಊದಿತು. ಮಲಗಿದ್ದವನಿಗೆ ಹಾಗೆಲ್ಲ ಊದುತ್ತದೆ ಎಂದು ಯಾರೋ ಹೇಳಿದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದಾಗ ಮೂರು ದಿಂಬು ಕೊಟ್ಟರು. ಜಟ್ಟಿ ಆ ವಾರ ಆ ಕಡೆಗೆ ತಲೆ ಹಾಕಲಿಲ್ಲ. ಭಾವನ ಮುಖ ನೋಡುವುದೆಂದರೆ ಅವನಿಗೆ ಹಿಂಸೆ.

ಎದೆನೋವು ಬಂದ ಹನ್ನೊಂದನೆಯ ದಿನ ಮಧ್ಯಾಹ್ನ ರಿಕ್ಷಾದಲ್ಲಿ ನರ್ಸಿಂಗ್ ಹೋಮಿಗೆ ತಂದರು. ಅಣ್ಣಪ್ಪ ಮುಂದಕ್ಕೆ ಬಾಗಿ ಕೂತಿದ್ದ, ತುಟಿ ನೀಲಿ, ಒಂದು ಮಾತಿಗೆ ಎರಡು ಉಸಿರು. ಅಮೂಲ್ಯಾ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ ಕೂಡಲೇ ರೇಖಾಳಿಗೆ ಆಮ್ಲಜನಕ ಹಾಕಲು ಹೇಳಿ, ನೀರು ಇಳಿಸುವ ಇಂಜೆಕ್ಷನ್ ಕೊಟ್ಟು, ಮಣಿಪಾಲಕ್ಕೆ ವ್ಯಾನು ತರಿಸಿದರು. ಆಮೇಲೆ ಅಲ್ಲಿಯ ಡಾಕ್ಟರಿಗೆ ಪತ್ರ ಬರೆಯಲು ಕೂತು, ಹಳೆಯ ರಿಪೋರ್ಟನ್ನು ಮುಂದಿಟ್ಟುಕೊಂಡರು. ಪೆನ್ನು ಅರ್ಧದಲ್ಲಿ ನಿಂತಿತು. ಜಟ್ಟಿಯನ್ನು ಕರೆಸಿದರು.

"ಇದನ್ನ ಎಣಿಸಿದ್ರಾ?"

"ಎಣಿಸಿದ್ದೆ."

"ಎಷ್ಟಿತ್ತು?"

ಜಟ್ಟಿ ನೆಲ ನೋಡಿದ. "ಹತ್ತೊಂಬತ್ತು ಸಾವಿರದ ಆರುನೂರು. ಮೂರು ಸಲ ಎಣಿಸ್ದೆ. ಬಾಟ್ಲಿ ಹಾಕ್ತ್ರು ಅಂತ..."

"ನಾನು ಸೋಮವಾರ ಬಂದು ಕೇಳಿದ್ನಲ್ಲ."

ಅಮೂಲ್ಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಈ ಲ್ಯಾಬಿನ ಒಂದು ಕಾಗದವನ್ನೂ ನಾನು ನಂಬಿದವಳಲ್ಲ ಜಟ್ಟಿ. ಎಲ್ಲಾ ಸುಳ್ಳು ಅಂತ ಗೊತ್ತಿತ್ತು. ಅದೊಂದನ್ನ ನಂಬಿದೆ. ನಾರ್ಮಲ್ಲು ಅಂತ ಇಲ್ಲಿ ಯಾರಿಗೂ ಬರೆದದ್ದೇ ಇಲ್ಲ, ಅದೂ ಸ್ವಂತ ಭಾವ, ಇವನೊಬ್ಬಂದಾದ್ರೂ ಎಣಿಸಿ ಬರೆದಿರ್ತಾನೆ ಅಂದ್ಕೊಂಡೆ. ಇಲ್ದಿದ್ರೆ ಕುಮಟೆಗೆ ಕಳಿಸಿ ನೋಡ್ತಿದ್ದೆ."

ಪತ್ರದಲ್ಲಿ ಹತ್ತೊಂಬತ್ತು ಸಾವಿರದ ಆರುನೂರು ಎಂದು ಬರೆದು, ಮಡಚಿ, ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು. "ನಿಮ್ಮ ಅಕ್ಕನಿಗೆ ನೀವೇ ಹೇಳಿ. ಅಲ್ಲಿ ಬೇರೆ ಯಾರೋ ಹೇಳೂ ಮೊದಲು."

ವ್ಯಾನು ಶರಾವತಿ ಸೇತುವೆ ದಾಟಿತು. ರೇಖಾ ಮುಂದೆ ಡ್ರೈವರ್ ಪಕ್ಕದಲ್ಲಿದ್ದಳು. ಹಿಂದೆ ಅಣ್ಣಪ್ಪ ಮಲಗಲಾರದೆ ಕೂತಿದ್ದ. ಅವನು ಹಿಂದಕ್ಕೆ ಬೀಳದಂತೆ ಜಟ್ಟಿ ಬೆನ್ನಿಗೆ ಅಂಗೈ ಕೊಟ್ಟು ಹಿಡಿದಿದ್ದ. ಅಂಗಿ ಬೆವರಿನಿಂದ ಒದ್ದೆ, ಅದರೊಳಗೆ ಉಸಿರು ಗೊರಗೊರ ಎನ್ನುವುದು ಅಂಗೈಗೇ ತಿಳಿಯುತ್ತಿತ್ತು. ತನ್ನ ಕೈಯ ಬಗ್ಗೆಯೇ ಅವನಿಗೆ ಅಸಹ್ಯವಾಯಿತು, ಆದರೆ ತೆಗೆಯುವಂತಿರಲಿಲ್ಲ. ಮಂಕಿ ಊರು ಬಂದರೂ ಬಾಯಿ ತೆರೆಯಲಿಲ್ಲ. ಮುರ್ಡೇಶ್ವರದ ತಿರುವು ಬಂದರೂ ತೆರೆಯಲಿಲ್ಲ. ಹೇಳಲು ಒಳ್ಳೆಯ ಜಾಗವೊಂದನ್ನು ಹುಡುಕುತ್ತಿದ್ದಾನೇನೋ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದ.

ಎದುರು ಸೀಟಿನಲ್ಲಿ ಕೂತಿದ್ದ ಗಂಗಾ ಗಂಡನ ಮೊಣಕಾಲು ಸವರುತ್ತ ಹೇಳಿದಳು, "ಹೆದರೂದ್ ಬ್ಯಾಡ ಕಾಣಿ. ಹೃದಯ ಗಟ್ಟಿ ಇದ್ದು. ತಮ್ಮನೇ ಎಣಿಸಿದ್ದಲ, ಎಲ್ಲ ನಾರ್ಮಲ್ಲೇ ಇತ್ತು. ಅಲ್ಲಿ ಡಾಕ್ಟ್ರು ಕೇಳಿದ್ರೆ ನೀನೇ ಹೇಳು ತಮ್ಮಾ, ನಂಗೆ ಅದೆಲ್ಲ ಬತ್ತಿಲ್ಲ."

"ನಾರ್ಮಲ್ ಇರ್ಲಿಲ್ಲ ಅಕ್ಕಾ."

"ಎಂತದು?"

"ಹತ್ತೊಂಬತ್ತು ಸಾವಿರ ಇತ್ತು. ಎಂಟು ಅಂತ ಬರೆದೆ. ಅವತ್ತೇ ಮಣಿಪಾಲಕ್ಕೆ ಕಳಿಸ್ಬೇಕಿತ್ತು."

ಗಂಗಾಳಿಗೆ ಸಂಖ್ಯೆ ಅರ್ಥವಾಗಲಿಲ್ಲ. ತಮ್ಮನ ಮುಖ ಅರ್ಥವಾಯಿತು. "ಗೊತ್ತಿದ್ದು ಬರೆದ್ಯಾ?"

"ಬಾಟ್ಲಿ ಹಾಕಿದ್ರೆ ಭಾವನಿಗೆ ತೊಂದ್ರೆ ಆಗ್ತು ಅಂತ ಬರೆದೆ."

"ಆ ಡಾಕ್ಟ್ರಮ್ಮನಿಗೆ ಹೇಳೂಕೆ ಎಂತ ಆಗಿತ್ತು ನಿಂಗೆ? ಒಳ್ಳೆಯವ್ಳಲ ಅವ್ಳು."

ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು. ಜಟ್ಟಿಗೆ ಅದು ಕಾಣಿಸಿತು ಕೂಡ. ಬೇಡವೆನಿಸಿತು.

"ನನ್ನ ಕೆಲಸ ಹೋಗ್ತಿತ್ತು," ಎಂದ.

ಆಮ್ಲಜನಕದ ಮಾಸ್ಕಿನೊಳಗಿಂದ ಅಣ್ಣಪ್ಪ ತಲೆ ಹೊರಳಿಸಿ ಅವನನ್ನು ನೋಡಿದ. ಕೇಳಿಸಿಕೊಂಡಿದ್ದ. ಏನಾದರೂ ಹೇಳಲು ಅವನಲ್ಲಿ ಉಸಿರಿರಲಿಲ್ಲ, ತಲೆ ಮತ್ತೆ ಮುಂದಕ್ಕೆ ವಾಲಿತು.

ಗಂಗಾ ಸೀಟಿನಿಂದ ಎದ್ದು, ಓಲಾಡುವ ವ್ಯಾನಿನಲ್ಲಿ ಕಂಬಿ ಹಿಡಿದು, ಇಬ್ಬರ ನಡುವೆ ಬಂದು ನಿಂತಳು.

"ಕೈ ತೆಗಿ."

"ಬೀಳ್ತ್ರು ಅಕ್ಕಾ..."

"ನಾ ಹಿಡ್ಕಂತೆ. ನೀ ಕೈ ತೆಗಿ."

ಜಟ್ಟಿ ಕೈ ತೆಗೆದ. ಗಂಗಾ ಗಂಡನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಳು. ಕೂರುವ ಮೊದಲು, ತಮ್ಮನ ಅಂಗೈ ಇದ್ದ ಜಾಗವನ್ನು ಸೆರಗಿನಿಂದ ಒರೆಸಿದಳು.